ಫ್ರಿಜ್ಜಿನಲ್ಲಿ ಪೇಷಂಟು

ಇಡೀ ಕೊಪ್ಪಳ ಜಿಲ್ಲೆಯಲ್ಲಿ ಯಾರ ಮನೆಯಲ್ಲೂ ಇಲ್ಲದ ಪ್ರಾಣಿಯೊಂದನ್ನು ನಮ್ಮ ಮನೆಯಲ್ಲಿ ಸಾಕಿ ಮೆರೆಸುತ್ತೇನೆ ಎಂದು ನಾನು ಪಣ ತೊಟ್ಟದ್ದು ಸಂಕ್ರಾಂತಿಯ ಮರುದಿನ. ಅದಕ್ಕೆ ಕಾರಣ ಈಶಪ್ಪ. ಕಚೇರಿಯಲ್ಲಿ ನನ್ನ ಪಕ್ಕದ ಟೇಬಲ್ಲಿನವನು, ಭಾಗ್ಯನಗರದಲ್ಲಿ ನಮ್ಮ ಹಿಂದಿನ ಓಣಿಯವನು. ಅವನು ಪಡಸಾಲೆಯಲ್ಲಿ ಗೋಡೆಯುದ್ದದ ಮೀನಿನ ಪೆಟ್ಟಿಗೆ ಇಡಿಸಿದ್ದೇ ತಡ, ನಮ್ಮ ಸಾಹೇಬರು ಅವನ ಮನೆಗೆ ಎರಡು ಸಲ ಚಹಾಕ್ಕೆ ಹೋಗಿ ಬಂದರು. ನನ್ನ ಹದಿನೆಂಟು ವರ್ಷದ ನೌಕರಿಯಲ್ಲಿ ಒಬ್ಬನೇ ಒಬ್ಬ ಸಾಹೇಬ ನಮ್ಮ ಹೊಸ್ತಿಲು ತುಳಿದಿರಲಿಲ್ಲ! ನಾಲ್ಕು ಮೀನಿಗಿರುವ ಮರ್ಯಾದೆ ಪ್ರಥಮ ದರ್ಜೆ ಸಹಾಯಕ ಗಾಳೇಶನಿಗೆ ಇಲ್ಲವೇ?

ಹುಬ್ಬಳ್ಳಿಗೆ ಹೋದೆ. ಥರ್ಮೊಕೋಲ್ ಪೆಟ್ಟಿಗೆಯೊಂದನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಬಂದಿಳಿದೆ. ಒಳಗಿದ್ದದ್ದು ಆಕ್ಸೊಲಾಟಲ್! ಹೆಸರು ಬಾಯಿಗೆ ಹತ್ತಲು ನನಗೇ ಒಂದು ವಾರ ಬೇಕಾಯಿತು. ಎಲ್ಲೋ ಮೆಕ್ಸಿಕೋ ದೇಶದ ನೀರಿನ ಪ್ರಾಣಿಯಂತೆ. ಗೇಣುದ್ದ, ಗುಲಾಬಿ ಬೆರೆತ ಬಿಳಿ ಮೈ, ನಾಲ್ಕು ಪುಟ್ಟ ಕಾಲು, ಕಾಲಿಗೆ ಬೆರಳು. ತಲೆಯ ಎರಡೂ ಬದಿಗೆ ಮೂರು ಮೂರು ಕೆಂಪು ಜುಟ್ಟು, ಉಸಿರಾಡುವುದೆಲ್ಲ ಆ ಜುಟ್ಟಿನಿಂದಲೇ. ಬಾಯಿಯ ಕಟ್ಟು ಹೇಗಿದೆಯೆಂದರೆ ಹಸಿದರೂ ನಗು, ಹೆದರಿದರೂ ನಗು, ಸಾಹೇಬರ ಮುಂದೆ ನಿಂತ ನನ್ನ ಮುಖದ ಹಾಗೆ. ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆಯೊಂದಕ್ಕೆ ನೀರು ತುಂಬಿ ಬಿಟ್ಟು, ಅದಕ್ಕೆ ‘ಚಕ್ರವರ್ತಿ’ ಎಂದು ಹೆಸರಿಟ್ಟೆ.

ನನ್ನ ಹೆಂಡತಿ ಮಹೇಶ್ವರಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ನಮ್ಮ ಅಡಗಿ ಮನಿ ಗ್ವಾಡಿ ಮ್ಯಾಲ ಇದರಂಥಾವು ಆರು ಅದಾವು. ಒಂದು ಹಲ್ಲಿ ತರಾಕ ಹುಬ್ಬಳ್ಳಿಗೆ ಹೋಗಿದ್ರೇನ್ರಿ?”

“ಹಲ್ಲಿ ಅನಬ್ಯಾಡ! ಇದು ಚಕ್ರವರ್ತಿ. ಇದರ ನೀರು, ಊಟ, ಔಷಧ ಎಲ್ಲಾ ನಂದು. ಮನ್ಯಾಗ ಯಾರೂ ಇದಕ್ಕ ಕೈ ಹಚ್ಚಂಗಿಲ್ಲ. ನಾ ಎಲ್ಲಾ ಓದ್ಕೊಂಡೀನಿ!”

ಓದಿದ್ದು ಎಂದರೆ ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿದ್ದೆ. ಅದರಲ್ಲೂ ಮೂರನೆಯದು ಅರ್ಧಕ್ಕೇ ನಿಂತಿತ್ತು.

ನಮ್ಮವ್ವ ಯಂಕವ್ವ ಮಾತ್ರ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನಿಂತಳು. “ಬೆಳ್ಳಗ ಏನೋ ಹೊಳ್ಳಾಡಿದಂಗ ಕಾಣತೈತಿ. ಕೂಸಿನಂಗ ಐತೇನೋ ಗಾಳ್ಯಾ?” ಎಂದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದು ದೀಪಾವಳಿಯಿಂದ ಎಲ್ಲ ಮಂಜು ಮಂಜು. ಗಂಗಾವತಿಯ ಕಣ್ಣಿನ ದವಾಖಾನೆಯಲ್ಲಿ ಆಪರೇಷನ್ ಮಾಡಿಸು ಎಂದು ಆಗಿನಿಂದ ಕೇಳುತ್ತಿದ್ದಳು. ನಾನು “ರಜಾ ಇಲ್ಲಬೇ ಯವ್ವಾ” ಎನ್ನುತ್ತಿದ್ದೆ. ಆಮೇಲೆ ಮಾರ್ಚ್ ಬಂತು. ಮಾರ್ಚ್ ಎಂಡಿನಲ್ಲಿ ಸರಕಾರಿ ನೌಕರ ರಜೆ ಕೇಳುವುದೆಂದರೇನು! “ಮಾರ್ಚ್ ಒಂದು ಮುಗೀಲಿ” ಎಂದೆ. ಅವ್ವ ತಲೆಯಾಡಿಸಿದಳು.

ಸಾಹೇಬರನ್ನು ಮನೆಗೆ ಕರೆಯಲು ನಾನು ಮಾತು ಹೊಂದಿಸುತ್ತಿದ್ದ ಹೊತ್ತಿಗೆ ಸರಿಯಾಗಿ ಚಕ್ರವರ್ತಿಗೆ ಕಾಯಿಲೆ ಬಂತು. ಮಾರ್ಚ್ ಮೂರನೆಯ ವಾರದ ಭಾನುವಾರ ನೋಡುತ್ತೇನೆ, ಕೆಂಪು ಜುಟ್ಟು ಬಿಳಿಚಿಕೊಂಡಿದೆ, ಅದರ ತುದಿಗೆ ಹತ್ತಿಯ ಹಾಗೆ ಬೆಳ್ಳಗೆ ಏನೋ ಹತ್ತಿದೆ. ಬಾಲ ಸುರುಳಿ ಸುತ್ತಿಕೊಂಡಿದೆ. ಅನ್ನ ನೀರು ಬಿಟ್ಟು ಮೇಲೆ ತೇಲುತ್ತಿದೆ. ಮುಖದಲ್ಲಿ ಮಾತ್ರ ಅದೇ ನಗು.

ನೀರಿಗೆ ಥರ್ಮಾಮೀಟರ್ ಹಾಕಿದೆ. ಮೂವತ್ತೊಂದು ಡಿಗ್ರಿ! ಅರ್ಧಕ್ಕೆ ಬಿಟ್ಟಿದ್ದ ಮೂರನೆಯ ವಿಡಿಯೋವನ್ನು ಈಗ ಪೂರ್ತಿ ನೋಡಿದೆ. ಹದಿನೆಂಟು ಇರಬೇಕಂತೆ, ಇಪ್ಪತ್ತು ದಾಟಿದರೆ ಕಷ್ಟವಂತೆ. ಬಿಸಿಲಿಗೆ ನಲ್ಲಿಯ ನೀರೇ ಕುದಿಯುವ ನಮ್ಮೂರಲ್ಲಿ ಹದಿನೆಂಟು ಡಿಗ್ರಿಯನ್ನು ನಾನು ಎಲ್ಲಿಂದ ತರಲಿ? ಮಣ್ಣಿನ ಹರವಿಯ ತಣ್ಣೀರು ಬೆರೆಸಿದೆ. ಗಾಜಿನ ಸುತ್ತ ಒದ್ದೆ ಗೋಣಿಚೀಲ ಸುತ್ತಿದೆ. ನೀರಿನ ಮೇಲೆ ಗಾಳಿ ಆಡಬೇಕು ಎಂದು ಅವ್ವನ ಕೋಣೆಯ ಟೇಬಲ್ ಫ್ಯಾನು ಕಿತ್ತು ತಂದು ಚಕ್ರವರ್ತಿಯ ಮುಂದಿಟ್ಟೆ.

“ಅತ್ತಿಯವರಿಗೆ ಸೆಕಿ ಆಗಂಗಿಲ್ಲೇನ್ರಿ?” ಎಂದಳು ಮಹೇಶ್ವರಿ.

ಒಳಗಿನಿಂದ ಅವ್ವನೇ ಕೂಗಿದಳು. “ಒಯ್ಯಲಿ ಬಿಡವಾ. ಪಾಪ, ಮಾತ ಬರಲಾರದ್ದು. ನಾ ಬೀಸಣಿಗಿ ಬೀಸ್ಕೋತೀನಿ.”

ಸಂಜೆಗೆ ದ್ಯಾವಪ್ಪನನ್ನು ಕರೆತಂದೆ. ಮೂವತ್ತು ವರ್ಷ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ನಿವೃತ್ತನಾದವನು. ತೊಡೆಯ ಗಾತ್ರದ ಸಿರಿಂಜು ಇದ್ದ ಚೀಲ ಹೆಗಲಿಗೇರಿಸಿಕೊಂಡು ಬಂದ. ಗಾಜಿನ ಪೆಟ್ಟಿಗೆಯ ಸುತ್ತ ಎರಡು ಸುತ್ತು ಹಾಕಿದ.

“ಗಬ್ಬ ಐತೇನ್ರಿ ಸರ?”

“ಇಲ್ಲ ಮಾರಾಯಾ!”

“ಮೆಲಕು ಹಾಕೂದು ಬಿಟ್ಟು ಎಷ್ಟ ದಿನಾತು?”

“ಇದು ಮೆಲಕು ಹಾಕೂ ಪ್ರಾಣಿನ ಅಲ್ಲೋ!”

ದ್ಯಾವಪ್ಪ ಗಲ್ಲ ಕೆರೆದುಕೊಂಡ. “ಒಂದು ಬಾಟ್ಲಿ ಗ್ಲೂಕೋಸ್ ಏರಸಬೌದಿತ್ರಿ. ಆದ್ರ ಏರಸೂದು ಎಲ್ಲಿಗೆ ಅಂತ ತಿಳೀವಲ್ದು. ನೀರಾಗ ಇದ್ದದ್ದಕ್ಕ ನೀರು ಏರಿಸಿ ಏನ್ ಉಪಯೋಗ ಹೇಳ್ರಿ?” ಎಂದವನು ಚಹಾ ಕುಡಿದು, ನಮ್ಮವ್ವನ ಮುಖ ನೋಡಿ, “ಯಮ್ಮಾ, ನಿನ್ನ ಕಣ್ಣಾಗ ಪೊರಿ ಭಾಳ ಬಲತೈತಿ, ಲಗೂನ ತಗಸು” ಎಂದು ಹೇಳಿ ಹೋದ. ಕರೆಸಿದ್ದು ಯಾರಿಗೆ, ಅವನು ನೋಡಿದ್ದು ಯಾರನ್ನು! ನನಗೆ ರೇಗಿತು.

ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯ ಅಂಗಡಿಯವನಿಗೆ ಫೋನು ಹಚ್ಚಿದೆ. ಅವನು ಒಂದೇ ಉಸಿರಿಗೆ ಮೂರು ಹೇಳಿದ. ಜುಟ್ಟಿಗೆ ಹತ್ತಿದ ಬೂಷ್ಟು ರೋಗಕ್ಕೆ ಚಹಾಪುಡಿ ಕುದಿಸಿ, ಸೋಸಿ, ಪೂರ್ತಿ ತಣ್ಣಗೆ ಮಾಡಿ ಅದರಲ್ಲಿ ಹತ್ತು ನಿಮಿಷ ಬಿಡಬೇಕು. ಆಮೇಲೆ ಡಬ್ಬಿಯೊಂದರಲ್ಲಿ ಒಳ್ಳೆ ನೀರು ಹಾಕಿ ಫ್ರಿಜ್ಜಿನೊಳಗೆ ಇಡಬೇಕು. ತಿನ್ನಲು ಎರೆಹುಳು ಕೊಡಬೇಕು.

“ಹಾಲು, ಸಕ್ಕರಿ ಏನೂ ಹಾಕಬ್ಯಾಡ್ರಿ ಮತ್ತ!” ಎಂದು ನಕ್ಕ.

“ನನಗೇನ್ ಅಷ್ಟೂ ತಿಳಿಯಂಗಿಲ್ಲೇನ್ರಿ?” ಎಂದು ನಾನೂ ನಕ್ಕೆ.

ನಾನೇ ಖುದ್ದಾಗಿ ಚಹಾಪುಡಿ ಕುದಿಸಿದೆ, ಸೋಸಿದೆ. ಅಗಲವಾದ ಪಾತ್ರೆಗೆ ಹಾಕಿ ಆರಲು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಯಾರಿಗೂ ಒಂದು ಮಾತು ಹೇಳಲಿಲ್ಲ. ಚಿಕಿತ್ಸೆಯೆಂಬುದು ವೈದ್ಯ ಮತ್ತು ರೋಗಿಯ ನಡುವಿನ ವಿಷಯ! ಆರುವಷ್ಟರಲ್ಲಿ ಸ್ನಾನ ಮುಗಿಸಿ ಬಂದೆ. ಬೆರಳಿನಿಂದ ಮುಟ್ಟಿ ತಣ್ಣಗಾಗಿದೆ ಎಂದು ಖಾತ್ರಿ ಮಾಡಿಕೊಂಡು ಚಕ್ರವರ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ಚಹಾದೊಳಗೆ ಬಿಟ್ಟೆ.

ಅರ್ಧ ನಿಮಿಷ ಸುಮ್ಮನಿತ್ತು. ಆಮೇಲೆ ಪಟಪಟ ಬಾಲ ಬಡಿಯತೊಡಗಿತು. ಜುಟ್ಟುಗಳೆಲ್ಲ ತಲೆಗೆ ಅಂಟಿಕೊಂಡವು. ಔಷಧ ಹತ್ತುತ್ತಿದೆ ಎಂದು ನಾನು ಗಡಿಯಾರ ನೋಡುತ್ತ ನಿಂತೆ. ಎರಡನೆಯ ನಿಮಿಷಕ್ಕೆ ಕಟ್ಟೆಯ ಮೇಲೆ ಇರುವೆಯ ಸಾಲು ಬಂತು. ಔಷಧಕ್ಕೆ ಇರುವೆ ಬರುವುದುಂಟೇ? ಬೆರಳು ಅದ್ದಿ ನೆಕ್ಕಿದೆ. ಶುಂಠಿ ಹಾಕಿದ, ಕಡಕ್ ಸಕ್ಕರೆಯ, ಮೊದಲ ದರ್ಜೆಯ ಚಹಾ!

“ಯಾರು? ಯಾರು ಇದಕ್ಕ ಸಕ್ಕರಿ ಹಾಕಿದವರು?”

ನನ್ನ ಕೂಗಿಗೆ ಅವ್ವ ಗೋಡೆ ಹಿಡಿದುಕೊಂಡು ಬಂದಳು. “ನಾನಪಾ. ಬಾಯಾಗ ಹಾಕಿ ನೋಡಿದೆ, ಸಪ್ಪಗಿತ್ತು. ಬುಟ್ಟಿಯಂಥಾ ಪಾತ್ರೆ ತುಂಬ ಕಾಸಿ, ಕಚೇರಿ ಮಂದಿ ಬರ್ತಾರೇನೋ ಅನಕೊಂಡೆ. ಮನಿಗೆ ಬಂದವರಿಗೆ ಸಪ್ಪನ ಚಾ ಹೆಂಗ ಕೊಡೂದು? ಎಂಟು ಚಮಚಿ ಸಕ್ಕರಿ ಹಾಕಿ, ಶುಂಠಿ ಜಜ್ಜಿ ಹಾಕೀನಿ. ಕಡಿಮಿ ಆತೇನು?”

“ಸಾಯ್ತೈತದು! ಮುಂದ ಇಷ್ಟು ದೊಡ್ಡ ಪೆಟ್ಟಿಗಿ ಐತಿ, ಜಡ್ಡಾಗಿ ಮಲಗೇತಿ, ನಾ ನಿನ್ನಿಯಿಂದ ಒದ್ದಾಡಾಕ ಹತ್ತೀನಿ. ನಿನಗೇನ್ ಕಣ್ಣು ಕಾಣಂಗಿಲ್ಲೇನು?”

ಅವ್ವ ತಣ್ಣಗೆ ಹೇಳಿದಳು. “ಇಲ್ಲಪಾ. ದೀಪಾವಳಿಯಿಂದ ಅದನ್ನ ಹೇಳಾಕ ಹತ್ತೀನಿ.”

ಆಗ ನನಗೆ ನಾಚಿಕೆಯಾಯಿತು ಎಂದು ಬರೆದರೆ ಅದು ಸುಳ್ಳು. ಸಿಟ್ಟು ಬಂತು! ಚಕ್ರವರ್ತಿಯನ್ನು ನಾಲ್ಕು ನೀರಿನಲ್ಲಿ ತೊಳೆದು, ದೋಸೆ ಹಿಟ್ಟಿನ ಡಬ್ಬಿಯ ಹಿಟ್ಟನ್ನು ಬೇರೆ ಪಾತ್ರೆಗೆ ಸುರಿದು, ಆ ಡಬ್ಬಿಯಲ್ಲಿ ನೀರು ತುಂಬಿ ಅದನ್ನು ಮಲಗಿಸಿದೆ. ಫ್ರಿಜ್ಜಿನೊಳಗೆ ಮೊಸರಿನ ಗಡಿಗೆ ಮತ್ತು ಕೊತ್ತಂಬರಿ ಸಿವುಡಿನ ನಡುವೆ ಜಾಗ ಮಾಡಿ ಇಟ್ಟೆ. ಬಾಗಿಲು ಮುಚ್ಚುವ ಮುಂಚೆ ಒಮ್ಮೆ ನೋಡಿದೆ. ಮೈ ಎಲ್ಲ ಬಿಗಿದುಕೊಂಡಿತ್ತು, ಆದರೂ ನನ್ನನ್ನು ನೋಡಿ ನಗುತ್ತಿತ್ತು. ಮಹೇಶ್ವರಿ ತನ್ನ ದೋಸೆ ಹಿಟ್ಟನ್ನು ನೋಡಿದಳು, ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಒಂದು ಮಾತೂ ಆಡಲಿಲ್ಲ. ಹದಿನಾರು ವರ್ಷದ ಸಂಸಾರದಲ್ಲಿ ಅವಳು ಮಾತಾಡದೇ ಇದ್ದದ್ದು ಅದೇ ಮೊದಲು, ನನಗೆ ಅದೇ ಹೆಚ್ಚು ಹೆದರಿಕೆಯಾಯಿತು.

ಇಂಥ ಸ್ಥಿತಿಯಲ್ಲಿ ರೋಗಿಯನ್ನು ಬಿಟ್ಟು ಕಚೇರಿಗೆ ಹೋಗುವುದು ಹೇಗೆ? ರಜೆ ಅರ್ಜಿ ಬರೆಯಲು ಕುಳಿತೆ. ‘ಆಕ್ಸೊಲಾಟಲ್‌ಗೆ ಅನಾರೋಗ್ಯ’ ಎಂದು ಬರೆದರೆ ಆ ಅರ್ಜಿ ಪಶುಪಾಲನೆಗೆ ಹೋಗಬೇಕೋ ಮೀನುಗಾರಿಕೆಗೆ ಹೋಗಬೇಕೋ ತಿಳಿಯದೆ ಮೂರು ಇಲಾಖೆ ಸುತ್ತಿ, ನಾನು ನಿವೃತ್ತನಾದ ಮೇಲೆ ಮಂಜೂರಾಗುತ್ತಿತ್ತು. ಪೆನ್ನು ತಾನಾಗಿಯೇ ಓಡಿತು. ‘ನನ್ನ ವೃದ್ಧ ತಾಯಿಯವರಿಗೆ ತೀವ್ರ ಅನಾರೋಗ್ಯವಾಗಿದ್ದು, ಆರೈಕೆಗೆ ಬೇರೆ ಯಾರೂ ಇಲ್ಲದ ಕಾರಣ ಐದು ದಿನ ಸಾಂದರ್ಭಿಕ ರಜೆ...’ ಫೋಟೋ ತೆಗೆದು ಸಾಹೇಬರ ವಾಟ್ಸಾಪಿಗೆ ಕಳಿಸಿದೆ. ಮಾರ್ಚ್ ಎಂಡು, ಬೈಯುತ್ತಾರೆ ಎಂದುಕೊಂಡಿದ್ದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: ‘ತಾಯಿ ಮೊದಲು. ಐದು ದಿನ ತಗೊಳ್ರಿ.’ ಹೀಗೆ ಕೇಳಿದರೆ ಹೀಗೆ ಸಿಗುತ್ತದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ದೀಪಾವಳಿಯಿಂದ ನಾನು ಕೇಳಿಯೇ ಇರಲಿಲ್ಲ.

ಅರ್ಜಿಯ ಫೋಟೋವನ್ನು ಮಹೇಶ್ವರಿ ಮೊಬೈಲಿನಲ್ಲಿ ನೋಡಿದಳು. ಒಳಗೆ ಹೋಗಿ ಅತ್ತೆಗೆ ಓದಿ ಹೇಳಿದಳು. ಅವ್ವ ಕೇಳಿಸಿಕೊಂಡು, “ಐದು ದಿನಾ ಕೊಟ್ಟಾರೇನು?” ಎಂದಷ್ಟೇ ಕೇಳಿದಳು.

ಐದು ದಿನ ನಾನು ಮಾಡಿದ ಸೇವೆಯನ್ನು ನೆನೆದರೆ ನನಗೇ ಈಗ ಮೈ ಉರಿಯುತ್ತದೆ. ತಾಸಿಗೊಮ್ಮೆ ಫ್ರಿಜ್ಜು ತೆಗೆದು ನೋಡುವುದು. ಹೊತ್ತಿಗೆ ಸರಿಯಾಗಿ ನೀರು ಬದಲಿಸುವುದು. ದಿನಕ್ಕೊಮ್ಮೆ ಸಕ್ಕರೆಯಿಲ್ಲದ ಚಹಾ, ಅದೂ ಬಾಗಿಲಿಗೆ ಚಿಲಕ ಹಾಕಿಕೊಂಡು! ಕರೆಂಟು ಹೋದರೆ ಐಸ್‌ಕ್ಯಾಂಡಿ ಅಂಗಡಿಗೆ ಓಡುವುದು. ಜುಟ್ಟಿನ ಬಿಳಿ ಹತ್ತಿ ಕರಗುತ್ತ ಬಂತು, ಆದರೆ ಊಟ ಮುಟ್ಟಲೊಲ್ಲದು. ಭಾಗ್ಯನಗರದ ಅಂಗಳ ಅಂಗಳ ಅಗೆದರೂ ಆ ಬಿಸಿಲಿಗೆ ಒಂದು ಎರೆಹುಳು ಸಿಗಲಿಲ್ಲ. ಹಸಿ ನೆಲ ಎಂದರೆ ಭತ್ತದ ಗದ್ದೆ. ಗುರುವಾರ ಬೈಕು ಹತ್ತಿ ನೇರ ನವಲಿಗೆ ಹೋದೆ.

ಪ್ಯಾಂಟು ಮೊಣಕಾಲಿಗೇರಿಸಿ ಬದುವಿನಲ್ಲಿ ಅಗೆಯುತ್ತಿದ್ದ ನನ್ನನ್ನು ಕಂಡು ಗದ್ದೆಯ ಯಜಮಾನ ಬಂದ.

“ಮೀನ ಹಿಡ್ಯಾಕೇನ್ರಿ?”

“ಇಲ್ರಿ. ಮೀನಿಗೆ ಉಣಸಾಕ.”

ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಮನ್ಯಾಗ ಯಾರೂ ದೊಡ್ಡವರು ಇಲ್ಲೇನ್ರಿ?” ಎಂದು ಕೇಳಿದ.

ಒಂದು ಹಿಡಿ ಎರೆಹುಳು ಹಸಿ ಮಣ್ಣಿನ ಸಮೇತ ಕ್ಯಾರಿಬ್ಯಾಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಾಗ ನನ್ನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಮಹೇಶ್ವರಿ ಬಾಯಿಬಿಟ್ಟಳು.

“ಗಂಗಾವತಿ ದಾಟೇ ಹೋಗಿರಬೇಕಲ್ರಿ?”

“ಹೂಂ, ಮತ್ತ?”

“ಏನಿಲ್ಲ. ಕಣ್ಣಿನ ದವಾಖಾನಿ ರಸ್ತೆದ ಮ್ಯಾಲ ಐತಿ. ಹೋಗೂವಾಗೊಮ್ಮೆ ಬರೂವಾಗೊಮ್ಮೆ, ಎರಡು ಸಲ ನೋಡೀರಿ.”

ನಾನು ಫ್ರಿಜ್ಜು ತೆಗೆದು ಅದರೊಳಗೆ ತಲೆ ಹಾಕಿದೆ. ಉತ್ತರ ಕೊಡದೇ ಇರಲು ಮನೆಯಲ್ಲಿ ಉಳಿದಿದ್ದ ತಂಪು ಜಾಗ ಅದೊಂದೇ.

ಶುಕ್ರವಾರ ಸಂಜೆ ಆರಕ್ಕೆ ಈಶಪ್ಪನ ಫೋನು ಬಂತು. “ಗಾಳೇಶ, ನಿಮ್ಮವ್ವನ್ನ ಮಾತಾಡಸಾಕ ಬರಾಕ ಹತ್ತೀವಪಾ. ನಾನು, ಕಚೇರಿ ಮೆಹಬೂಬಬೀ ಮೇಡಂ, ಸಾಹೇಬ್ರು. ಹತ್ತ ನಿಮಿಷ.”

ಸಾಹೇಬರು! ನಮ್ಮ ಮನೆಗೆ! ಜಡ್ಡು ಬಿದ್ದವರನ್ನು ಮಾತಾಡಿಸಲು ನಾಲ್ಕು ಜನ ಬರುವುದು ನಮ್ಮ ಕಡೆ ಇರುವ ಪದ್ಧತಿಯೇ. ಅದನ್ನು ಅರ್ಜಿ ಬರೆಯುವಾಗ ಮರೆತವನು ನಾನೊಬ್ಬನೇ. ಎರಡು ತಿಂಗಳಿನಿಂದ ಯಾರಿಗೆ ತೋರಿಸಬೇಕೆಂದು ಚಕ್ರವರ್ತಿಯನ್ನು ಸಾಕಿದ್ದೆನೋ ಅವರೇ ಬರುತ್ತಿದ್ದಾರೆ, ನಾನು ಅದನ್ನೇ ಬಚ್ಚಿಡಬೇಕು! ಖಾಲಿ ಗಾಜಿನ ಪೆಟ್ಟಿಗೆಗೆ ಚಾದರ ಹೊದಿಸಿದೆ. ಫ್ಯಾನನ್ನು ಅವ್ವನ ಕೋಣೆಗೆ ವಾಪಸ್ ಒಯ್ದೆ.

“ಯವ್ವಾ, ಲಗೂನ ಮಲಗಬೇ! ಕೌದಿ ಹೊಚ್ಚಿಕೋ.”

“ಈ ಸೆಕ್ಯಾಗ ಕೌದಿ ಯಾಕೋ?”

“ನಿನಗ ಭಾಳ ಜಡ್ಡಾಗೇತಿ. ಹೊಟ್ಟಿನೋವು ಅಂತ ಹೇಳು. ನನ್ನ ನೌಕರಿ ಪ್ರಶ್ನೆ ಐತಿ!”

ಅವ್ವ ಕೌದಿ ಎಳೆದುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಬಾಗಿಲಲ್ಲಿ ಕಾರು ನಿಂತಿತು. ಸೇಬು, ಬ್ರೆಡ್ಡು, ಎಳನೀರು ಹಿಡಿದು ಮೂವರೂ ಒಳಗೆ ಬಂದು ಅವ್ವನ ಮಂಚದ ಸುತ್ತ ಕುಳಿತರು. ಸಾಹೇಬರು ಬೆವರು ಒರೆಸಿಕೊಂಡು, “ಒಂದೀಟು ಫ್ರಿಜ್ಜಿನ ನೀರು ಕೊಡ್ರಿ” ಎಂದರು. ನಾನು ಓಡಿಹೋಗಿ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತೆ. ಮಹೇಶ್ವರಿ ಹರವಿಯಿಂದ ನೀರು ತುಂಬುತ್ತ, “ಅವರು ಫ್ರಿಜ್ಜು ಮುಟ್ಟಾಕ ಬಿಡಂಗಿಲ್ರಿ ಸಾಹೇಬ್ರ. ಪೇಷಂಟಿನ ಸಲುವಾಗಿ ಇಟ್ಟಾರ” ಎಂದಳು. ಅವಳ ದನಿಯಲ್ಲಿದ್ದ ಸಕ್ಕರೆ ಅವ್ವನ ಚಹಾದಲ್ಲೂ ಇರಲಿಲ್ಲ.

ಸಾಹೇಬರು ಬಾಗಿ ಕೇಳಿದರು. “ಏನಾಗೇತಿ ತಾಯಿ?”

ನಾನು ಕೋಣೆಯ ಬಾಗಿಲಿಗೆ ಬಂದು ನಿಂತೆ. ಅವ್ವ ನಿಧಾನವಾಗಿ ಎದ್ದು ಕುಳಿತಳು. ಮಂಜುಗಣ್ಣಿನಿಂದ ದನಿ ಬಂದ ಕಡೆ ನೋಡಿದಳು.

“ಹೊಟ್ಟಿನೋವು ಅಂತ ಹೇಳು ಅಂದಿದ್ದ. ಹೊಟ್ಟಿ ಛಲೋ ಐತ್ರಿ. ಕಣ್ಣು ಕಾಣವಲ್ವು.”

ಈಶಪ್ಪ ನನ್ನ ಕಡೆ ತಿರುಗಿದ. ಸಾಹೇಬರ ಹುಬ್ಬು ಮೇಲೇರಿತು. “ಐದು ದಿನ ರಜಾ ತಗೊಂಡೀರಿ ಗಾಳೇಶ. ಕಣ್ಣಿನ ದವಾಖಾನಿಗೆ ತೋರಿಸಿಲ್ಲೇನ್ರಿ? ಐದು ದಿನ ಏನ್ ಮಾಡಿದ್ರಿ?”

ಮೆಹಬೂಬಬೀ ಮೇಡಂ ತಲೆ ತಗ್ಗಿಸಿದರು. ನಿಜ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಹೇಳಲಿಲ್ಲ. ನನಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ಮಾತಾಡಿದ್ದು ಅವ್ವ.

“ಅವನಿಗೆ ಬೈಬ್ಯಾಡ್ರಿ ಸಾಹೇಬ್ರ. ಐದು ದಿನ ನನ್ನ ಮಗ ಮನಿ ಬಿಟ್ಟು ಕದಲಿಲ್ಲ. ಸೆಕಿ ಆಗತೈತಂತ ಫ್ಯಾನ್ ತಂದು ಮುಂದ ಇಟ್ಟಾನ. ತಾಸಿಗೊಮ್ಮೆ ಬಂದು ನೋಡ್ತಾನ. ತನ್ನ ಕೈಲೆ ತೊಳೀತಾನ. ಊಟ ಬಿಟ್ಟೈತಂತ ಬಿಸಲಾಗ ನವಲಿತನಾ ಹೋಗಿ ತಿನ್ನೂದು ತಂದಾನ. ತುತ್ತು ತುತ್ತು ಬಾಯಿಗೆ ಹಿಡೀತಾನ. ಬಾಯಿ ತೆರೀಲಿಲ್ಲಂದ್ರ ಬಾಜೂಕ ಕುಂತು ಕಣ್ಣೀರು ಹಾಕ್ತಾನ. ಹೆತ್ತ ಮಗಳೂ ಹಿಂಗ ಮಾಡಂಗಿಲ್ರಿ.”

ಮೆಹಬೂಬಬೀ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, “ಎಂಥಾ ಮಗನ್ನ ಹಡದೀರಿ ಅಮ್ಮಾ! ನಮ್ಮ ಮನ್ಯಾಗ ನೀರು ಕೊಡವರ ಇಲ್ಲ” ಎಂದರು. ಈಶಪ್ಪ ಎಳನೀರನ್ನು ಅವ್ವನ ಹತ್ತಿರ ಸರಿಸಿದ. ಸಾಹೇಬರು ಎದ್ದು ಬಂದು ನನ್ನ ಭುಜ ತಟ್ಟಿದರು. “ತಪ್ಪು ತಿಳಕೊಂಡೆ. ಕಚೇರ್ಯಾಗ ಎಲ್ಲರ ಮುಂದ ನಿಮ್ಮ ಹೆಸರು ಹೇಳ್ತೀನಿ.” ನಾನು ಮುಖದಲ್ಲಿ ನಗು ಇಟ್ಟುಕೊಂಡು ನಿಂತಿದ್ದೆ. ಮಹೇಶ್ವರಿ ಅಡುಗೆಮನೆಗೆ ಹೋಗಿ ಪಾತ್ರೆಯೊಂದನ್ನು ದಡ್ ಎಂದು ಕುಕ್ಕಿದಳು.

ಹೊಸ್ತಿಲು ದಾಟುತ್ತ ಸಾಹೇಬರು ತಿರುಗಿ ನೋಡಿದರು. “ಮತ್ತ ತಾಯಿ ಎದ್ದು ಕುಂತು ಮಾತಾಡಾಕ ಹತ್ಯಾರ, ಗಾಬರಿ ಇಲ್ಲ. ಸೋಮವಾರ ಬರಬೇಕು. ಮಾರ್ಚ್ ಎಂಡು. ತಾಯಿ ಹೆಸರಿನ ಮ್ಯಾಲ ಐದು ದಿನ ಕೊಟ್ಟೀನಿ, ಇನ್ನ ಮೂರು ತಿಂಗಳು ರಜಾ ಅಂತ ಮಾತ್ರ ಕೇಳಬ್ಯಾಡ್ರಿ!”

ಕಾರು ಹೋಯಿತು. ನಾನು ಫ್ರಿಜ್ಜು ತೆಗೆದೆ. ಐದು ದಿನದಲ್ಲಿ ಮೊದಲ ಸಲ ಚಕ್ರವರ್ತಿ ಎರೆಹುಳುವನ್ನು ಗಬಕ್ಕನೆ ನುಂಗಿತ್ತು. ಹುಳುವಿನ ಬಾಲ ಇನ್ನೂ ಬಾಯಿಂದ ಹೊರಗಿತ್ತು. ಜುಟ್ಟು ಕೆಂಪಗಾಗಿತ್ತು. ಬದುಕಿತು! ಕುಣಿದಾಡಬೇಕಾಗಿತ್ತು ನಾನು. ಡಬ್ಬಿಯ ಮುಚ್ಚಳ ಹಾಕಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಎದ್ದು ಅವ್ವನ ಕೋಣೆಗೆ ಹೋದೆ. ಅವಳು ಕೌದಿ ಮಡಚಿ ಬದಿಗಿಟ್ಟು ಫ್ಯಾನಿನ ಗಾಳಿಗೆ ಕಣ್ಣು ಮುಚ್ಚಿ ಕುಳಿತಿದ್ದಳು. ಅವಳ ಕಾಲ ಬಳಿ ಕುಳಿತೆ.

“ತಪ್ಪಾತಬೇ ಯವ್ವಾ. ಸಾಹೇಬ್ರು ಏನರ ಅನ್ನಲಿ. ಸೋಮವಾರ ಗಂಗಾವತಿಗೆ ಹೋಗೂಣು. ಈಗ ಅರ್ಜಿ ಬರೀತೀನಿ.”

ಅವ್ವ ತಡಕಾಡಿ ನನ್ನ ತಲೆ ಹುಡುಕಿ ಕೈಯಿಟ್ಟಳು.

“ಏನಂತ ಬರಿತಿಯಪಾ? ನನಗ ಆರಾಮಿಲ್ಲಂತ ಬರದದ್ದು ಮುಗದು ಹೋತು. ಈ ಸಲ ಆ ಕೂಸಿಗೆ ಆರಾಮಿಲ್ಲಂತ ಬರಿ. ಅದರ ಹೆಸರಿನ ಮ್ಯಾಲರ ನನಗ ಎರಡು ದಿನಾ ಕೊಡ್ತಾರೇನೋ ನೋಡೂಣು.”